ಮುದ್ದೀರ ಏರಿಗೆ ಜನ ಕೂಡಿಸಿದ್ದು

ಕೆರೆ ಏರಿಯ ಬುಡದಲ್ಲಿ ಒಂದು ಮನೆ. ಮನೆಯಲ್ಲಿ ಗಂಡ ಸತ್ತ ಕೆಂಚವ್ವ, ಅವಳ ಮಗ ಮುದ್ದೀರ. ತೋಳು ನೋಡಿದರೆ ಒನಕೆ, ತಲೆ ತಟ್ಟಿದರೆ ಖಾಲಿ ಗುಡಾಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಹೆತ್ತವಳ ಕರ್ಮ.

ಆ ವರ್ಷ ಏರಿ ಬಿರುಕು ಬಿಟ್ಟಿತು. ಮಳೆಗೆ ಮುಂಚೆ ಮಣ್ಣು ತುಂಬದಿದ್ದರೆ ನೀರು ಮೊದಲು ನುಗ್ಗುವುದು ಕೆಂಚವ್ವನ ಮನೆಗೇ. ಅವಳಿಗೋ ಕಾಲು ಉಳುಕಿ ಊದಿಕೊಂಡಿದೆ. ಕೂಲಿ ಕೊಡಲು ಗತಿಯಿಲ್ಲ. ಊರವರೇ ಪುಕ್ಕಟೆ ಬಂದು ಕೈ ಹಾಕಬೇಕು.

"ಲೋ ಮುದ್ದೀರ, ಹೋಗಿ ಜನ ಕರಿ. ಬರೀ ನಮ್ಮ ಬೀದಿಯೋರನ್ನೇ ಕರೀಬೇಡ. ಕುಂಬಾರ, ಬಡಗಿ, ಬಳೆಗಾರ, ಕುರಿ ಕಾಯೋನು, ಸೂಲಗಿತ್ತಿ, ಎಲ್ಲಾ ಥರದೋರೂ ಇರಬೇಕು!"

"ಆಗಲಿ ಕಣವ್ವ!"

ಕರೆದ. ಕುಂಬಾರ ಬಂದ. ಅವನ ಹಿಂದೆಯೇ ಹೆಗಲ ಮೇಲೆ ಗುದ್ದಲಿ ಹೊತ್ತು ಅವನ ತಮ್ಮಂದಿರೂ ಬಂದರು. ಮುದ್ದೀರ ಅಡ್ಡ ನಿಂತ. "ಕುಂಬಾರ ಒಬ್ಬ ಆದನಲ್ಲ! ನಿಮ್ಮ ಥರ ಮುಗೀತು. ಹೋಗಿ, ಹೋಗಿ!" ಒಬ್ಬ ಬಡಗಿ ಆದಮೇಲೆ ಇನ್ನೊಬ್ಬ ಬಂದ, ಅವನನ್ನೂ ಅಟ್ಟಿದ. ಮಧ್ಯಾಹ್ನಕ್ಕೆ ಏರಿಯ ಮೇಲೆ ಥರಕ್ಕೊಬ್ಬರಂತೆ ಐದೇ ಜನ ಮಿಕಿಮಿಕಿ ನೋಡುತ್ತಾ ನಿಂತಿದ್ದರು.

"ಥೂ ಎಬಡ! ತಾವಾಗಿ ಬಂದೋರನ್ನ ಅಟ್ಟುತ್ತಾರೇನೋ? ಬಾಗಿಲಿಗೆ ಯಾರೇ ಬರಲಿ, ಕೈ ಮುಗಿದು ಚಾಪೆ ಹಾಸಿ ಕೂರಿಸಬೇಕು!"

"ಆಗಲಿ ಕಣವ್ವ!"

ಮಾರನೇ ದಿನ ಕೆಂಚವ್ವ ಹೇಳಿಕಳಿಸಿ ಎಲ್ಲರನ್ನೂ ಕರೆಸಿದಳು. ಮುದ್ದೀರ ಹೊಂಗೆ ಮರದ ನೆರಳಲ್ಲಿ ಚಾಪೆ ಹಾಸಿ ಕೈ ಮುಗಿದ. ಯಾರಾದರೂ ಗುದ್ದಲಿ ಹಿಡಿದು ಎದ್ದರೆ ಹೆಗಲು ಅದುಮಿದ. "ಕೂತ್ಕೊಳಿ, ಕೂತ್ಕೊಳಿ! ಏಳಬಾರದು!" ಊರ ಜನರೇನು ಕಡಿಮೆಯೇ? ಎಲೆಅಡಿಕೆ ಮೆದ್ದರು, ಹರಟಿದರು, ಗೊರಕೆ ಹೊಡೆದರು. ಸಾವಿನ ಮನೆಗೂ ತಲೆ ಹಾಕದ ಪಟೇಲ ಅವತ್ತು ನೆರಳಿಗೆ ಬಂದು, "ಇಂಥ ಮರ್ಯಾದೆ ಎಲ್ಲೂ ಕಾಣೆ" ಎಂದು ಹೊಗಳಿ ಹೋದ. ಒಂದು ಬುಟ್ಟಿ ಮಣ್ಣು ಬೀಳಲಿಲ್ಲ.

"ಕೂರಿಸಿ ಪೂಜೆ ಮಾಡೋಕೆ ಕರೆಸಿದ್ನೇನೋ, ಮುಂಡೇದೇ? ಅವರವರಿಗೆ ಬರೋ ಕೆಲಸ ಕೊಡೋ!"

"ಆಗಲಿ ಕಣವ್ವ!"

ಕೊಟ್ಟ. ಕುಂಬಾರ ಏರಿಯ ಮಣ್ಣು ಕಲಸಿ ಮಡಕೆ ಮಾಡಿದ. ಬಡಗಿ ಗುದ್ದಲಿಗಳ ಮರದ ಕಾವು ಕೊಯ್ದು ಮಣೆ ಮಾಡಿದ. ಬಳೆಗಾರ ಬಳೆ ತೊಡಿಸಿದ. ಕುರಿ ಕಾಯೋನು ಮಂದೆ ತಂದು ಏರಿಯನ್ನೇ ತುಳಿಸಿದ. ಸೂಲಗಿತ್ತಿಗೆ ಮಾತ್ರ ಬಸುರಿ ಸಿಗಲಿಲ್ಲ. ಕೆಲಸ ತಪ್ಪಬಾರದಲ್ಲ ಎಂದು ಮುದ್ದೀರನೇ ಮಲಗಿ, "ಅಯ್ಯೋ, ಅಮ್ಮಾ!" ಎಂದು ನರಳಿದ.

ಬಿರುಕು ಇನ್ನೂ ಅಗಲವಾಯಿತು. ಮೋಡ ಕವಿಯಿತು. ಮರುದಿನ ಕೆಂಚವ್ವ ಕೋಲೂರಿಕೊಂಡು ತಾನೇ ಏರಿ ಹತ್ತಿದಳು. ಬಡಗಿ ಗುದ್ದಲಿಗಳಿಗೆ ಹೊಸ ಕಾವು ಹಾಕಲಿ, ಗಟ್ಟಿಯಾದವರು ಅಗೆಯಲಿ, ಹೆಂಗಸರು ಹೊರಲಿ, ಮುದುಕರು ದಿಮ್ಮಸಿನಿಂದ ಮಣ್ಣು ಬಡಿಯಲಿ, ಸೂಲಗಿತ್ತಿ ಮಜ್ಜಿಗೆ ಹಂಚಲಿ ಎಂದಳು. ಸಂಜೆಗೆ ಬಿರುಕು ಮುಚ್ಚಿತು. ಅವಳ ಕಣ್ಣಲ್ಲಿ ನೀರು.

"ಪುಣ್ಯಾತ್ಮರು ಕಣೋ. ಒಬ್ಬರನ್ನೂ ಬರಿಗೈಲಿ ಕಳಿಸಬೇಡ" ಎಂದು ಹೇಳಿ, ಕಾಲುನೋವು ತಾಳದೆ ಮನೆಗೆ ಹೋಗಿ ಮಲಗಿದಳು. ಒಳಗೆ ತಟ್ಟೆಯಲ್ಲಿ ಬೆಲ್ಲ ಇಟ್ಟಿದ್ದಳು, ಪಾಪ.

ಮುದ್ದೀರನ ಕಣ್ಣೆದುರಿಗೆ ಇದ್ದದ್ದು ಏರಿ. ಅಗೆದ, ಒಬ್ಬೊಬ್ಬರ ಬುಟ್ಟಿಗೂ ಮಣ್ಣು ತುಂಬಿದ. "ಅವ್ವ ಕೊಟ್ಟವಳೆ, ಬೇಡ ಅನ್ನಬಾರದು!" ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? "ಗೋಡೆ ಮೆತ್ತೋಕೆ ಆಯ್ತದೆ" ಎಂದು ಒಬ್ಬ, "ತಿಪ್ಪೆಗೆ ಆಯ್ತದೆ" ಎಂದು ಒಬ್ಬ. ಬಿರುಕು ತುಂಬಿದವರೇ ಹೊತ್ತುಕೊಂಡು ಹೋದರು, ಜಾಣರು!

ಬೆಳಗಾಗುತ್ತಲೇ ಮಳೆ ಹೊಡೆಯಿತು. ಏರಿ ಒಡೆಯಿತು. ಕೆಂಚವ್ವ ಕುಂಟುಕಾಲಲ್ಲೇ ಅಟ್ಟ ಹತ್ತಿ ಕೂಗಿದಳು. "ನೀರು ಬಂತು ಕಣೋ, ಬಾಗಿಲು ಹಾಕೋ!"

ಮುದ್ದೀರ ಬಾಗಿಲು ಅಗಲವಾಗಿ ತೆಗೆದ. ಚಾಪೆ ಹಾಸಿದ. ಮೊಣಕಾಲುದ್ದದ ನೀರಿಗೆ ಕೈ ಮುಗಿದ. "ಬನ್ನಿ, ಬನ್ನಿ, ಕೂತ್ಕೊಳಿ!"

ನೀರು ಕೂರಲಿಲ್ಲ. ಮುಂಬಾಗಿಲಲ್ಲಿ ಬಂದು ಹಿತ್ತಲ ಬಾಗಿಲಲ್ಲಿ ಹೋಯಿತು. ಹೋಗುವಾಗ ರಾಗಿ ಮೂಟೆ, ಮಡಕೆ, ಚಾಪೆ, ಬೆಲ್ಲದ ತಟ್ಟೆ, ಎಲ್ಲಾ ಹೋಯಿತು.

"ಅಯ್ಯೋ, ಮನೆಯೆಲ್ಲಾ ಗುಡಿಸಿಕೊಂಡು ಹೋಯ್ತಲ್ಲೋ!" ಎಂದು ಕೆಂಚವ್ವ ಎದೆ ಎದೆ ಬಡಿದುಕೊಂಡಳು.

"ಅಳಬೇಡ ಕಣವ್ವ" ಎಂದ ಮುದ್ದೀರ. "ನೀನು ಹೇಳ್ದಂಗೇ ಬರಿಗೈಲಿ ಕಳಿಸಲಿಲ್ಲ."