ಬ್ಯಾನರಿಗೆ ಕಾವಲು ಕೂತ ಅಜ್ಜ

ಹಾಸಿಗೆ ಮಾರುವ ಓಂಕಾರಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿಸಿಕೊಟ್ಟವನು ತಾನು ಮಾತ್ರ ಮಗ್ಗುಲು ಬದಲಿಸುತ್ತಾ ಬೆಳಗು ಮಾಡುತ್ತಿದ್ದ. ಇದಕ್ಕೆಲ್ಲ ಕಾರಣ ಒಂದು ಬ್ಯಾನರು. ಕಟ್ಟಿಸಿದವನೂ ಅವನೇ ಅನ್ನಿ.

ಪೇಟೆ ಬೀದಿ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಅವನ ಅಂಗಡಿ. ಎದುರಿಗೆ ಇನ್ನೊಂದು ಹಾಸಿಗೆ ಅಂಗಡಿ ಬಂದದ್ದೇ ತಡ, ಓಂಕಾರಪ್ಪನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಎರಡು ಲೈಟ್ ಕಂಬಗಳ ನಡುವೆ, ರಸ್ತೆಗೆ ಅಡ್ಡಲಾಗಿ, ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ. 'ನೆಮ್ಮದಿಯ ನಿದ್ದೆಗೆ ಓಂಕಾರಪ್ಪನ ಹಾಸಿಗೆ' ಎಂದು ಮೊಳದುದ್ದದ ಅಕ್ಷರಗಳು.

ಪುರಸಭೆಯ ಶಶಿಕಲಾ ಮೇಡಂ ಬಂದು ತಲೆ ಎತ್ತಿ ನೋಡಿದರು. "ಸಾವ್ಕಾರ್ರೇ, ರಸ್ತೆಗೆ ಅಡ್ಡ ಕಟ್ಟಂಗಿಲ್ಲ. ಲೈಟ್ ಕಂಬಕ್ಕೂ ಕಟ್ಟಂಗಿಲ್ಲ. ಪರವಾನಗಿನೂ ತಗೊಂಡಿಲ್ಲ ನೀವು. ನಾಳೆ ಒಳಗೆ ಬಿಚ್ಚಿಸ್ರಿ" ಎಂದರು.

"ಆಯ್ತು ಮೇಡಂ" ಎಂದ ಓಂಕಾರಪ್ಪ. ಬಾಯಿ ಹಾಗಂದಿತು, ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು.

ಆ ಊರಿಗೆ ಗುಡ್ಡದಜ್ಜ ಎಂದರೆ ಪ್ರಾಣ. ಹಿಂದೆಂದೋ ಬದುಕಿ ಹೋದ ಸಾಧು. ಅವರು ಉಪದೇಶ ಮಾಡಿದ್ದು ಕಡಿಮೆ. ಜನ ನಡೆಯುವ ದಾರಿಯ ಕಲ್ಲು ಮುಳ್ಳು ಆರಿಸುತ್ತಾ ಊರಿಂದ ಊರಿಗೆ ಓಡಾಡುತ್ತಿದ್ದರಂತೆ. ಮರುದಿನ ಅದೇ ಕಂಬಗಳ ನಡುವೆ ಹೊಸ ಫ್ಲೆಕ್ಸ್ ಬಂತು. ಅರ್ಧ ಹಾಸಿಗೆ, ಅರ್ಧ ಗುಡ್ಡದಜ್ಜನ ಫೋಟೋ. ಏಣಿ ಹೊತ್ತು ಬಂದ ಪೌರಕಾರ್ಮಿಕರು ಮೇಲೆ ನೋಡಿದರು, ಚಪ್ಪಲಿ ಬಿಟ್ಟು ಕೈಮುಗಿದರು, ಏಣಿ ಹೊತ್ತುಕೊಂಡೇ ವಾಪಸ್ ಹೋದರು. ಮುಟ್ಟಿದರೆ ಊರೇ ಮೈಮೇಲೆ ಬರುತ್ತದೆಂದು ಮೇಡಂ ಕೂಡ ಸುಮ್ಮನಾದರು.

"ಪುರಸಭೆಯೋರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೇ ತೂರ್ತೀನಿ" ಎಂದು ಓಂಕಾರಪ್ಪ ಹೆಂಡತಿಯ ಮುಂದೆ ನಕ್ಕ. ಅವನು ಕೊನೆಯ ಸಲ ಮನಸಾರೆ ನಕ್ಕದ್ದು ಅವತ್ತೇ.

ಪೇಟೆಯ ಹುಡುಗರು ಫ್ಲೆಕ್ಸಿಗೆ ಹಾರ ಹಾಕತೊಡಗಿದರು. ಅವರ ಮುಂದಾಳು ಕೊಟ್ರೇಶಿ, "ಇಂಥಾ ಭಕ್ತರು ಎಲ್ಲಿ ಸಿಗ್ತಾರೆ?" ಎಂದು ಓಂಕಾರಪ್ಪನನ್ನೇ ಅಜ್ಜನ ಸೇವಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದ. ಉಪಾಯ ಕಂಡ ಉಳಿದವರೂ ಬಿಡಲಿಲ್ಲ. ಬೇಕರಿಯ ಫ್ಲೆಕ್ಸಿನಲ್ಲಿ ಅಜ್ಜ ಕೇಕಿಗೆ ಆಶೀರ್ವಾದ ಮಾಡಿದರು, ಮೊಬೈಲ್ ಅಂಗಡಿಯ ಫ್ಲೆಕ್ಸಿನಲ್ಲಿ ಮೊಬೈಲಿಗೆ. ಪಾಪ, ಬದುಕಿದ್ದಾಗ ಒಂದು ಜೋಡಿ ಚಪ್ಪಲಿಯನ್ನೂ ಬಯಸದ ಮನುಷ್ಯ!

ಆಷಾಢದ ಗಾಳಿ ಬೀಸಿತು. ಓಂಕಾರಪ್ಪನ ಫ್ಲೆಕ್ಸಿನ ಒಂದು ಹಗ್ಗ ಸಡಿಲವಾಗಿ, ಅಂಚು ಕೆಳಗೆ ಜೋತು ಬಿತ್ತು. ಬೀದಿಯಿಂದ ಹೊರಡುವವರಿಗೆ ಹೆದ್ದಾರಿಯ ಲಾರಿ ಕಾಣದಂತಾಯಿತು. ಹಾಲಿನವನು ಸೈಕಲ್ ಸಮೇತ ಬಿದ್ದು ಬಂದು ದೂರಿದಾಗ, "ನೋಡ್ಕೊಂಡು ಹೋಗ್ಬೇಕಪ್ಪ" ಎಂದು ಓಂಕಾರಪ್ಪ ಬುದ್ಧಿ ಹೇಳಿ ಕಳಿಸಿದ.

ಆಮೇಲೆ ಒಂದು ಸಂಜೆ ಮಗಳು ಸ್ಫೂರ್ತಿ ಮೊಣಕೈ ತರಚಿಕೊಂಡು ಬಂದಳು. "ನಿನ್ನ ಬ್ಯಾನರ್ ಅಡ್ಡ ಇತ್ತಪ್ಪ. ಲಾರಿ ಕಾಣ್ಲೇ ಇಲ್ಲ. ಸೈಕಲ್ ಬ್ರೇಕ್ ಹಾಕಿ ಬಿದ್ದೆ, ಅದಕ್ಕೇ ಉಳಿದೆ."

ಅಲ್ಲಿಗೆ ಅವನ ನಿದ್ದೆ ಹೋಯಿತು. ಬೆಳಗಾದದ್ದೇ ಏಣಿ ಹಾಕಿದ. ಕೊಟ್ರೇಶಿ ಏಣಿಯ ಬುಡ ಹಿಡಿದ. "ಏನ್ ಸಾವ್ಕಾರ್ರೇ, ಅಜ್ಜನ್ನೇ ಕೆಳಗಿಳಿಸ್ತೀರಾ?"

"ರಸ್ತೆ ಕಾಣಲ್ಲ ಕಣಪ್ಪ. ಹಗ್ಗ ಬಿಗಿದ್ರೂ ಈ ಗಾಳಿಗೆ ಮತ್ತೆ ಜೋತು ಬೀಳುತ್ತೆ."

"ಅಜ್ಜ ಇರೋ ಕಡೆ ಏನೂ ಆಗಲ್ಲ ಬಿಡ್ರಿ. ಇಳೀರಿ ಕೆಳಗೆ."

ಓಂಕಾರಪ್ಪ ಪುರಸಭೆಗೆ ಓಡಿದ. ಶಶಿಕಲಾ ಮೇಡಂ ಹೇಳಿದರು: "ಯಾರೂ ಬಿಚ್ಚಬಾರದು ಅಂತಾನೇ ಅಲ್ಲೇನ್ರಿ ನೀವು ಕಟ್ಟಿದ್ದು? ಅಜ್ಜನ ಫೋಟೋ ಯಾಕೆ ಹಾಕಿಸಿದ್ರಿ ಅಂತ ಜನಕ್ಕೆ ನೀವೇ ಹೇಳಿ. ಅವತ್ತೇ ನಮ್ಮೋರು ಏಣಿ ತರ್ತಾರೆ."

ಅದೊಂದನ್ನು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ; ಅದೂ ಯಾರ ಜೀವವೋ. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಫ್ಲೆಕ್ಸ್ ಗಾಳಿಗೆ ಪಟಪಟ ಎಂದರೆ ಬಾಗಿಲಿಗೆ ಓಡುತ್ತಿದ್ದ. ಹಾರ್ನ್ ಕೇಳಿದರೆ ಗಿರಾಕಿಯನ್ನು ಬಿಟ್ಟು ಎದ್ದು ಹೋಗುತ್ತಿದ್ದ. ಕೊನೆಗೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ತಾನೇ ತಿರುವಿನಲ್ಲಿ ನಿಂತು ಟವೆಲ್ ಬೀಸುತ್ತಾ ಗಾಡಿಗಳನ್ನು ತಡೆಯತೊಡಗಿದ. ಊರು ಅದನ್ನೂ ಸೇವೆ ಎಂದು ಹೊಗಳಿತು. ಹೊಗಳಿದಷ್ಟೂ ಅವನಿಗೆ ಸಂಕಟ.

ಒಂದು ಬೆಳಿಗ್ಗೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಆಟೋ ರಭಸದಿಂದ ಬಂತು. ಆ ಕಡೆಯಿಂದ ಲಾರಿ. ಟವೆಲ್ ಬೀಸಿದರೂ ಆಟೋದವನು ನೋಡಲಿಲ್ಲ. ಓಂಕಾರಪ್ಪ ಆಟೋಗೇ ಅಡ್ಡ ಬಿದ್ದ. ಆಟೋ ಕಿರ್ರೆಂದು ನಿಂತಿತು. ಲಾರಿ ಅದರ ಮೂತಿ ಸವರಿಕೊಂಡು ಹೋಯಿತು. ಒಳಗಿದ್ದ ಮಕ್ಕಳು ಒಮ್ಮೆಲೇ ಅತ್ತವು.

ಜನ ಸೇರಿದರು. ಕೊಟ್ರೇಶಿ ಹಾರ ಹಿಡಿದು ಓಡಿ ಬಂದ. "ನೋಡಿದ್ರಾ! ಅಜ್ಜನೇ ಕಾಪಾಡಿದ್ರು!"

ಮಣ್ಣಲ್ಲಿ ಬಿದ್ದಿದ್ದ ಓಂಕಾರಪ್ಪ ಎದ್ದು ಕೂಗಿದ: "ಅಜ್ಜ ಕಾಪಾಡೋದಿರಲಿ ಕಣೋ, ನಾನು ಅಜ್ಜನ ಕೈಲಿ ಈ ಮಕ್ಕಳನ್ನ ಕೊಲ್ಲಿಸ್ತಿದ್ದೆ! ಆ ಫೋಟೋ ಭಕ್ತಿಯಿಂದ ಹಾಕ್ಸಿದ್ದಲ್ಲ. ಪುರಸಭೆಯೋರು ಬಿಚ್ಚಬಾರದು ಅಂತ ಹಾಕ್ಸಿದ್ದು. ದಾರಿ ಮುಳ್ಳು ತೆಗೆದ ಪುಣ್ಯಾತ್ಮನ್ನ ತಂದು ದಾರಿಗೇ ಮುಳ್ಳು ಮಾಡಿದೆ ನಾನು. ಬೈತೀರೋ ಹೊಡೀತೀರೋ, ಮೊದಲು ಅದನ್ನ ಇಳಿಸಾಕೆ ಬಿಡ್ರಿ."

ಕೊಟ್ರೇಶಿಯ ಮುಖ ಕೆಂಪೇರಿತು, ಕೈ ಮುಷ್ಟಿಯಾಯಿತು. ಆಟೋದೊಳಗೆ ಇನ್ನೂ ಬಿಕ್ಕುತ್ತಿದ್ದ ಮಕ್ಕಳನ್ನು ನೋಡಿದ. ಹಾರವನ್ನು ಗೋಡೆಯ ಮೇಲಿಟ್ಟು, ಹೋಗಿ ಓಂಕಾರಪ್ಪನ ಅಂಗಡಿಯ ಏಣಿ ತಂದ.

ಅಧ್ಯಕ್ಷಗಿರಿ ಅವತ್ತೇ ಹೋಯಿತು. ಬೈಗುಳವೂ ಸಾಕಷ್ಟು ಸಿಕ್ಕಿತು. ಆದರೆ ಫ್ಲೆಕ್ಸ್ ಇಳಿದ ಮೇಲೆ ಬೇಕರಿಯವನು ತಲೆ ತಗ್ಗಿಸಿಕೊಂಡು ಬಂದು, "ಏಣಿ ಒಂಚೂರು ಕೊಡ್ತೀರಾ?" ಎಂದ. ಅವನ ಹಿಂದೆ ಮೊಬೈಲ್ ಅಂಗಡಿಯವನು. ಸಂಜೆಯಾದರೂ ಆ ಏಣಿ ಅಂಗಡಿಗೆ ವಾಪಸ್ ಬರಲಿಲ್ಲ. ಅದನ್ನು ಹುಡುಕಿಕೊಂಡು ಹೋಗಲು ಓಂಕಾರಪ್ಪ ಎಚ್ಚರವಿರಲಿಲ್ಲ. ಅಂಗಡಿ ತುಂಬ ಹಾಸಿಗೆ ಇದ್ದರೂ, ಬಾಗಿಲ ಬಳಿಯ ಹರಕು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ನೀತಿ: ತಪ್ಪಿಗೆ ದೇವರನ್ನು ಕಾವಲಿಟ್ಟರೆ, ನಾಳೆ ಅದನ್ನು ತಿದ್ದಲು ಹೋದಾಗ ಆ ಕಾವಲು ನಮ್ಮನ್ನೇ ತಡೆಯುತ್ತದೆ. ಆಗ ಅದನ್ನು ದಾಟಿಸುವುದು ಬಾಯಿಬಿಟ್ಟು ಹೇಳಿದ ನಿಜ ಒಂದೇ. ಎಲ್ಲರೂ ನಡೆಯುವ ದಾರಿಗೆ ಅಡ್ಡವಾದದ್ದು ಯಾರ ಹೆಸರಲ್ಲಿದ್ದರೂ ಅಡ್ಡವೇ. ನಿಮ್ಮ ಬೀದಿಯ ತಿರುವಿನಲ್ಲೂ ಒಮ್ಮೆ ತಲೆ ಎತ್ತಿ ನೋಡಿ.