ಮಡಚಿಟ್ಟ ಕನ್ನಡಿ

"ಗುರುಗಳೇ, ಸ್ವಂತ ಕೈಯಿಂದ ಮಾಡಿದ ಕೆಲಸದ ಮೇಲೆ ಅಭಿಮಾನ ಪಡುವುದು ತಪ್ಪೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಮಠದ ಬಾವಿಯ ರಾಟೆ ಕೆಟ್ಟಿತ್ತು. ಪೇಟೆಯಿಂದ ಹೊಸದನ್ನು ತರಿಸದೆ ಅವನೇ ಕೂತು ಸರಿಮಾಡಿದ್ದ. ಬೆಳಗಿನಿಂದ ಬಂದುಹೋದವರಿಗೆಲ್ಲ ಅದನ್ನು ತಿರುಗಿಸಿ ತೋರಿಸಿದ್ದ. ಕೈಗೆ ಹತ್ತಿದ ಮಸಿಯನ್ನೂ ತೊಳೆಯದೆ, ನಾಲ್ಕು ಜನಕ್ಕೆ ಕಾಣಲಿ ಎಂಬಂತೆ ಹಾಗೆಯೇ ಬಂದು ನಿಂತಿದ್ದ.

ಗುರುಗಳು ಎದುರಿಗಿದ್ದ ಖಾಲಿ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಕೂತುಕೋ. ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ. ಹೆಸರು ಮಾತ್ರ ಕೇಳಬೇಡ. ಹೇಳಿದರೆ ನಾಳೆ ಅವನ ನೆಂಟರೆಲ್ಲ ಮಠದ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಅವನಿಗೆ ಒಂದು ಕಾರು, ಒಬ್ಬಳು ಮಗಳು. ಮಗಳಿಗೆ ಹಿಂದೆ ಎರಡು ಕಡೆ ಮಾತಾಗಿ ಮುರಿದಿತ್ತು. ಯಾಕೆ ಮುರಿಯಿತು ಎಂಬುದಕ್ಕೆ ಓಣಿಯಲ್ಲಿ ಮನೆಗೊಂದು ಕಾರಣ ಹೇಳುತ್ತಿದ್ದರು. ಒಂದರಲ್ಲೂ ಆ ಹುಡುಗಿಯ ತಪ್ಪಿರಲಿಲ್ಲ. ಈಗ ಮೂರನೆಯ ಸಂಬಂಧ ಕೂಡಿಬಂದಿತ್ತು. ದೊಡ್ಡ ಮನೆತನ. ಮರ್ಯಾದೆಯಲ್ಲಿ ಸಾಸಿವೆಯಷ್ಟು ಕೊರತೆಯಾದರೂ ಉಣ್ಣುವ ಎಲೆ ಬಿಟ್ಟು ಏಳುವ ಜನ. ಇದೂ ತಪ್ಪಿದರೆ ನಾಲ್ಕನೆಯವರು ಬಾಗಿಲಿಗೆ ಬರುವುದಿಲ್ಲ ಎಂದು ತಾಯಿ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದಳು.

ನಿಶ್ಚಯ ಹತ್ತಿರ ಬಂದಾಗ ಕಾರಿನ ಪಕ್ಕದ ಕನ್ನಡಿ ಒಡೆಯಿತು. ಎಮ್ಮೆಯ ಕೊಂಬು ತಾಗಿತು ಎಂದು ಅವನು ಹೇಳಿಕೊಂಡ. ಗಾಡಿ ಹಿಂದಕ್ಕೆ ತೆಗೆಯಲು ಹೋಗಿ ತನ್ನದೇ ತುಳಸಿಕಟ್ಟೆಗೆ ಗುದ್ದಿದ್ದನ್ನು ಓಣಿಯೆಲ್ಲ ನೋಡಿತ್ತು. ಎಮ್ಮೆಗೆ ಬಾಯಿಲ್ಲ, ಪಾಪ.

ಕನ್ನಡಿ ಇಲ್ಲದೆ ನಡೆಯುವಂತಿರಲಿಲ್ಲ. ಆ ಕಡೆ ಒಂದು ಪದ್ಧತಿ. ನಿಶ್ಚಯದ ದಿನ ಹೆಣ್ಣಿನ ತಂದೆಯೇ ಊರ ಹೊರಗೆ ಹೋಗಿ ಬೀಗರನ್ನು ಎದುರುಗೊಳ್ಳಬೇಕು. ಅವನ ಗಾಡಿ ಮುಂದೆ, ಬೀಗರ ಗಾಡಿ ಹಿಂದೆ. ಮನೆಯ ತನಕ ದಾರಿ ತೋರಿಸುತ್ತ ಕರೆತರಬೇಕು.

ಗ್ಯಾರೇಜಿನವನು ಹೇಳಿದ ರೇಟು ಕೇಳಿ ವ್ಯಾಪಾರಿ ನಕ್ಕು ಎದ್ದು ಬಂದ. ಹೆಂಡತಿ ತವರಿನಿಂದ ತಂದ ನಿಲುವುಗನ್ನಡಿಯನ್ನು ಅಂಗಳದಲ್ಲಿ ಮಲಗಿಸಿದ. ಒಡೆದ ಕನ್ನಡಿಯ ಅಳತೆಗೆ ರಟ್ಟು ಕತ್ತರಿಸಿಕೊಂಡ. ದೇವರ ಪಟಗಳಿಗೆ ಕಟ್ಟು ಹಾಕುವವನಿಂದ ಗಾಜು ಕೊಯ್ಯುವ ಸಾಮಾನು ಕೇಳಿ ತಂದ. ನಿಲುವುಗನ್ನಡಿಯ ಕೆಳತುದಿಯನ್ನು ಕೊಯ್ದ. ಅದರ ಅಂಚನ್ನು ನೀರು ಹಾಕಿ ಕಲ್ಲಿಗೆ ತಿಕ್ಕಿ ನಯಮಾಡಿದ. ಅಂಟು ಹಾಕಿ, ಒಣಗುವ ತನಕ ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ. ಅಂದಿನಿಂದ ಅವನ ಹೆಂಡತಿಗೆ ತನ್ನ ಸೀರೆಯ ನೆರಿಗೆ ಕಾಣುವುದಿಲ್ಲ. ಆದರೆ ಕಾರಿನ ಕನ್ನಡಿ ಮಾತ್ರ, ಸುಳ್ಳು ಹೇಳಬಾರದು, ಬಲು ಚೆನ್ನಾಗಿ ಕೂತಿತು.

ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನವನನ್ನು ಕರೆದು ತೋರಿಸಿದ. ನೀರಿಗೆ ಹೊರಟ ಹೆಂಗಸರನ್ನು ನಿಲ್ಲಿಸಿ, ಕುಂಕುಮ ಸರಿಯಿದೆಯೇ ನೋಡಿಕೊಳ್ಳಿರಮ್ಮ ಎಂದ.

ನಿಶ್ಚಯದ ದಿನ ಊರ ಹೊರಗೆ ಬೀಗರ ಟೆಂಪೋ ಬಂದು ನಿಂತಿತು. ಹೂವಿನ ಹಾರ ಹಾಕುವ ಮೊದಲೇ ಅವರಿಗೂ ಕನ್ನಡಿ ತೋರಿಸಿದ. ಆಮೇಲೆ ಮುಂದೆ ಹೊರಟ. ಓಣಿ ಇಕ್ಕಟ್ಟಾದ ಕಡೆ ಅವನು ಗಾಡಿ ನಿಧಾನ ಮಾಡಿದ. ಗೋಡೆಗೆ ತಾಗಿದರೆ ಕೈಕೆಲಸ ಹಾಳಾಗುತ್ತದೆ ಎಂದು ಕಾರಿನ ಕಿವಿಗಳಂತಿದ್ದ ಎರಡೂ ಪಕ್ಕದ ಕನ್ನಡಿಗಳನ್ನು ಒಳಕ್ಕೆ ಮಡಚಿಟ್ಟ. ಒಳಗಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಬಾಳೆಗೊನೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ತಿರುವಿನಲ್ಲಿ ಟೆಂಪೋದ ಚಕ್ರ ಚರಂಡಿಗೆ ಇಳಿಯಿತು. ಅವರು ಹಾರ್ನ್ ಹೊಡೆದರು. ಸಂಭ್ರಮಕ್ಕೆ ಹೊಡೆಯುತ್ತಿದ್ದಾರೆ ಎಂದುಕೊಂಡು ಇವನೂ ಒಂದು ಹೊಡೆದ. ಹಾಗೆಯೇ ಮನೆ ಸೇರಿದ.

ಆರತಿ ತಟ್ಟೆ ಹಿಡಿದ ಹೆಂಡತಿ, "ಬೀಗರೆಲ್ಲಿ?" ಎಂದಳು.

"ಹಿಂದೆಯೇ ಇದ್ದಾರಲ್ಲ" ಎಂದು ಮಡಚಿದ್ದ ಕನ್ನಡಿ ಬಿಚ್ಚಿದ. ಖಾಲಿ ಓಣಿ ಕಾಣಿಸಿತು. ಒಂದು ಚೂರೂ ಸೊಟ್ಟವಿಲ್ಲದೆ, ಅಚ್ಚುಕಟ್ಟಾಗಿ ಕಾಣಿಸಿತು.

ಓಡಿಹೋಗುವಷ್ಟರಲ್ಲಿ ತಡವಾಗಿತ್ತು. ತಿರುವಿನ ಮನೆಯ ಕಾಯಿ ವ್ಯಾಪಾರಿ ಬೀಗರನ್ನು ಜಗುಲಿಗೆ ಕರೆದು ಬೆಲ್ಲ ನೀರು ಕೊಟ್ಟಿದ್ದ. ಕಾಯಿ ವ್ಯಾಪಾರಿಗೂ ಒಬ್ಬಳು ಮಗಳಿದ್ದಳು. ನೀರು ತಂದುಕೊಟ್ಟವಳು ಅವಳೇ. ಬೇಕೆಂದೇ ಕಳಿಸಿದರು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ. ನನಗೆ ಗೊತ್ತಿದೆ, ಆದರೆ ಹೇಳುವುದಿಲ್ಲ.

ಹುಡುಗನ ಸೋದರತ್ತೆ ಪಾತ್ರೆ ವ್ಯಾಪಾರಿಯನ್ನು ಮೇಲಿಂದ ಕೆಳಗೆ ನೋಡಿ, "ಕರೆಯಲು ಬಂದವರು ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲವಲ್ಲಪ್ಪ. ನಾಳೆ ನಮ್ಮ ಮನೆಗೆ ಬರುವವಳಿಗೆ ಏನು ಕಲಿಸಿದ್ದೀರೋ" ಎಂದಳು. ಟೆಂಪೋವನ್ನು ಚರಂಡಿಯಿಂದ ಎತ್ತಿಸಿ ಬಂದ ದಾರಿಗೇ ತಿರುಗಿಸಿದರು. ಮುಂದೆ ಆ ಹುಡುಗನ ಮದುವೆ ಅದೇ ಓಣಿಯಲ್ಲಾಯಿತು. ಚಪ್ಪರ ತಿರುವಿನ ಮನೆಯ ಮುಂದೆ. ಪಾತ್ರೆ ವ್ಯಾಪಾರಿಯ ಮಗಳು ಬಾಗಿಲ ಸಂದಿಯಿಂದ ಅದನ್ನು ನೋಡಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅಭಿಮಾನ ತಪ್ಪು" ಎಂದ ನಿಜಗುಣ. ದನಿ ಇಳಿದಿತ್ತು.

"ನಾನು ಹಾಗೆಂದೆನೇ? ಆ ಕನ್ನಡಿ ಇವತ್ತಿಗೂ ಅಲುಗಿಲ್ಲ. ಅದರ ಮೇಲೆ ಅವನು ಹೆಮ್ಮೆಪಟ್ಟದ್ದು ನ್ಯಾಯವೇ."

ನಿಜಗುಣನ ಮುಖ ಅರಳಿತು. ರಾಟೆ ಈಗ ಹೇಗೆ ಕಿರ್ ಎನ್ನದೆ ತಿರುಗುತ್ತದೆ ಎಂಬುದನ್ನು ಮತ್ತೆ ಮೊದಲಿನಿಂದ ಹೇಳತೊಡಗಿದ.

ಗುರುಗಳು ಖಾಲಿ ತಂಬಿಗೆಯನ್ನು ಅವನ ಕಡೆಗೆ ತಳ್ಳಿದರು.

"ರಾಟೆ ತಿರುಗಿತು ಸರಿ, ನೀರು ಎಲ್ಲಪ್ಪಾ?"