ಸೋಂಪಿನ ತಟ್ಟೆ ಮೊದಲು ಹೋದದ್ದು

ಹೋಟೆಲಿನಲ್ಲಿ ಬಿಲ್ಲು ತರುವ ಸೋಂಪಿನ ತಟ್ಟೆ ನೀರಿನ ಜಗ್ಗನ್ನು ಹಂಗಿಸಿತು: “ಗಿರಾಕಿಗಳು ಟಿಪ್ಸ್ ಇಡುವುದು ನನ್ನಲ್ಲಿ. ಊಟದುದ್ದಕ್ಕೂ ಓಡಾಡುವ ನಿನಗೆ ಒಂದು ನಾಣ್ಯವಾದರೂ ಬಿತ್ತೇ?”

ಜಗ್ಗಿಗೆ ಸಿಟ್ಟು ನೆತ್ತಿಗೇರಿತು. “ಕೇಳುವ ಮೊದಲೇ ಲೋಟ ತುಂಬುವುದು ನಾನು. ಎಲ್ಲ ಮುಗಿದ ಮೇಲೆ ಬರುವುದು ನೀನು. ಅಷ್ಟು ಜಂಬವಿದ್ದರೆ ಇವತ್ತು ನೀನೇ ಮೊದಲು ಹೋಗು!”

“ಹೋಗುತ್ತೇನೆ, ನೋಡುತ್ತಿರು,” ಎಂದು ತಟ್ಟೆ, ಬಿಸಿಲಿನಿಂದ ಬಂದು ಆಗಷ್ಟೇ ಕುಳಿತ ಮುದುಕನ ಮುಂದೆ ಹೋಗಿ ಕೂತಿತು. ಆತ ಬಿಲ್ಲು ನೋಡಿದ, ಖಾಲಿ ಲೋಟ ನೋಡಿದ. ಜಗ್ಗು ಧಾವಿಸಿ ಬರುವಷ್ಟರಲ್ಲಿ ಎದ್ದು ಎದುರಿನ ಹೋಟೆಲಿಗೆ ನಡೆದುಬಿಟ್ಟ.

“ಜಿಪುಣ ಮುದುಕ!” ಎಂದಿತು ತಟ್ಟೆ.

“ಬಾಯಿ ಮುಚ್ಚು!” ಜಗ್ಗು ಗುಡುಗಿತು. “ಬಾಯಾರಿ ಬಂದವನ ಮುಂದೆ ಕೈ ಚಾಚಿದ್ದು ನೀನು. ಅವನು ಜಿಪುಣನೇ?”